ಒಂಟಿಯಾಗಿ ಆಡುವವರ ಬುತ್ತಿ

ಅವರು ಪತ್ರಿಕೆ ಬಿಟ್ಟ ಸುದ್ದಿ ನಮ್ಮ ಪತ್ರಿಕೆಯಲ್ಲಿ ಬರಲಿಲ್ಲ. ಬರುವ ಪದ್ಧತಿಯೂ ಇಲ್ಲ. ವರದಿಗಾರ ತೀರಿಕೊಂಡರೆ ಫೋಟೊ ಸಮೇತ ಒಂದು ಕಾಲಂ ಸಿಗುತ್ತದೆ. ಕೆಲಸ ಬಿಟ್ಟರೆ ಅವನ ಕುರ್ಚಿಗೆ ಇನ್ನೊಬ್ಬ ಬರುತ್ತಾನೆ. ಚಳ್ಳಕೆರೆ ಕಚೇರಿಯಲ್ಲಿ ಆ ಕುರ್ಚಿಗೆ ಬಂದವನು ಅವರ ಪಕ್ಕದಲ್ಲೇ ಕೂತು ಕೆಲಸ ಕಲಿತ ನಾನು. ಅವರ ಬಗ್ಗೆ ಬರೆಯುತ್ತೇನೆಂದು ಹೇಳಲು ಮನೆಗೆ ಹೋದಾಗ ಒಂದು ಷರತ್ತಿನ ಮೇಲೆ ಒಪ್ಪಿದರು. "ಹೆಸ್ರು ಹಾಕ್ಬ್ಯಾಡ ಲೇ. ಹಾಕಿದ್ರೆ ನಾಳೆ ಬಸ್ ಸ್ಟ್ಯಾಂಡಲ್ಲಿ ಕಂಡೋರೆಲ್ಲ ಕಿವಿ ಹತ್ರ ಬಂದು ಕೂಗ್ತಾರೆ."

ಮುಖ್ಯ ವಿಷಯ ಮೊದಲ ಪ್ಯಾರಾದಲ್ಲೇ ಬರಬೇಕು, ಓದುಗನನ್ನು ಕಾಯಿಸಬಾರದು ಎಂದು ನನಗೆ ಕಲಿಸಿದವರು ಅವರೇ. ನಾನು ಆಗಲೇ ಎರಡನೆಯ ಪ್ಯಾರಾಕ್ಕೆ ಬಂದಿದ್ದೇನೆ, ಹೇಳಿಬಿಡುತ್ತೇನೆ. ನನಗೆ ಅವರ ಪರಿಚಯವಿದ್ದ ವರ್ಷಗಳಲ್ಲೆಲ್ಲ ಅವರ ಕಿವಿ ನಿಧಾನವಾಗಿ ಹೋಗುತ್ತಿತ್ತು. ಅದು ಗೊತ್ತಾದರೆ ಊರೂರು ಸುತ್ತುವ ವರದಿಗಾರಿಕೆಯಿಂದ ತೆಗೆದು ಮೇಜಿನ ಕೆಲಸಕ್ಕೆ ಕೂರಿಸುತ್ತಾರೆ ಎಂಬುದು ಅವರ ಭಯ. ಆದ್ದರಿಂದ ಬಚ್ಚಿಟ್ಟರು. ಬಚ್ಚಿಟ್ಟುಕೊಂಡೇ ಸುದ್ದಿ ಮಾಡಿದರು, ಬಚ್ಚಿಟ್ಟುಕೊಂಡೇ ಕಂಪ್ಯೂಟರಿನಲ್ಲಿ ಭಯದ ಆಟ ಆಡಿದರು, ಅದನ್ನು ಹೊಸಬರಿಗೆ ಕಲಿಸಿದರು. ಬಚ್ಚಿಡಲಾಗದ ದಿನ ಬಂದಾಗ ಮೇಜಿಗೆ ಹೋಗದೆ ಕೆಲಸವನ್ನೇ ಬಿಟ್ಟರು.

ನಮ್ಮ ಕಚೇರಿ ಇದ್ದದ್ದು ಒಂದು ಶೇಂಗಾ ಎಣ್ಣೆ ಮಿಲ್ಲಿನ ಮೇಲಿನ ಮಹಡಿಯಲ್ಲಿ. ಕೆಳಗಿನ ಯಂತ್ರದ ಸದ್ದು ಗೋಡೆ ಹತ್ತಿ, ನೆಲ ಹತ್ತಿ, ಕುರ್ಚಿಯ ಕಾಲಿನಿಂದ ಮೈಗೆ ಬರುತ್ತಿತ್ತು. ಅಲ್ಲಿ ಎಲ್ಲರೂ ಕೂಗಿಯೇ ಮಾತಾಡಬೇಕು. ಎಲ್ಲರೂ "ಆಂ?" ಎಂದು ಎರಡನೇ ಸಲ ಕೇಳಲೇಬೇಕು. ಕಿವಿ ಕೇಳದವನು ಅಡಗಿಕೊಳ್ಳಲು ಜಿಲ್ಲೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ತೊಂದರೆ ಒಂದೇ: ಮಿಲ್ಲಿಗೆ ಭಾನುವಾರ ರಜೆ. ಹೊಸಬರು ತಂತಮ್ಮ ಊರಿನಿಂದ ಫೋನಿನಲ್ಲೇ ಸೇರಿಕೊಳ್ಳುತ್ತಿದ್ದ ಅವರ ಆಟದ ಪಾಠ ನಡೆಯುತ್ತಿದ್ದದ್ದೂ ಭಾನುವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ.

ಆಟವನ್ನು ಅವರಿಗೆ ಹಾಕಿಕೊಟ್ಟವಳು ದಾವಣಗೆರೆಯಲ್ಲಿ ಓದುತ್ತಿದ್ದ ಅವರ ಮಗಳು. ನಾಲ್ವರು ಒಂದು ಪಾಳು ಜಾಗದಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ, ಐದನೆಯವನು ಬೇಟೆಗಾರ. ಐವರೂ ಎಲ್ಲೆಲ್ಲೋ ಕೂತು ಆಡುತ್ತಿರುವ ನಿಜವಾದ ಮನುಷ್ಯರು. ಕೆಟ್ಟುನಿಂತ ಯಂತ್ರಗಳನ್ನು ಸರಿಮಾಡಿ, ಬಾಗಿಲು ತೆರೆದು, ಬೇಟೆಗಾರನ ಕೈಗೆ ಸಿಗದೆ ಹೊರಬೀಳಬೇಕು. ಒಳಗೆ ಹೋಗುವ ಮುನ್ನ ಪ್ರತಿಯೊಬ್ಬರೂ ನಾಲ್ಕು ಶಕ್ತಿಗಳನ್ನು ಆರಿಸಿಕೊಳ್ಳಬೇಕು. ಶಕ್ತಿಗಳು ರಾಶಿ ಇವೆ, ಜಾಗ ನಾಲ್ಕೇ. ಈ ಆಯ್ಕೆಗೆ ಅವರು ಇಟ್ಟ ಹೆಸರು ಬುತ್ತಿ.

ಅವರು ವರವು ಕಾವಲ್ ಕಡೆಯ ಒಂದು ಹಟ್ಟಿಯವರು. ಮನೆತನವೆಲ್ಲ ಕುರಿ ಮಂದೆಯ ಹಿಂದೆ ಹುಲ್ಲುಗಾವಲಿನಲ್ಲೇ ಬದುಕಿದ್ದು. ಮಂದೆಯ ಜತೆ ನಾಲ್ಕೈದು ಜನ ಹೊರಟರೆ ಒಬ್ಬರ ಬುತ್ತಿಯಲ್ಲಿ ರೊಟ್ಟಿ, ಇನ್ನೊಬ್ಬರದರಲ್ಲಿ ಚಟ್ನಿ ಇದ್ದರೆ ನಡೆಯುತ್ತದೆ, ಕೂತು ಹಂಚಿಕೊಳ್ಳಬಹುದು. ಒಬ್ಬನೇ ಹೊರಟರೆ ಹಾಗಲ್ಲ. "ಒಬ್ನೇ ಹೋಗೋನ ಬುತ್ತೀನೇ ಬೇರೆ" ಎಂಬ ಮಾತಿನಿಂದ ಅವರ ಪಾಠ ಶುರುವಾಗುತ್ತಿತ್ತು. ಕಲಿಯುವವರು ಅವರನ್ನು ಬುತ್ತಿ ಸಾರ್ ಎಂದೇ ಕರೆಯುತ್ತಿದ್ದರು.

ಸ್ನೇಹಿತರ ಗುಂಪು ಕಟ್ಟಿಕೊಂಡು ಆಡುವವರು ಫೋನಿನಲ್ಲಿ ಮಾತಾಡಿಕೊಳ್ಳುತ್ತಾರೆ. "ನಿನ್ನ ಹಿಂದೆ ಬಂದ", "ನಾನು ಬಿದ್ದೆ, ಎತ್ತು" ಎನ್ನುತ್ತಾರೆ. ಒಂಟಿಯಾಗಿ ಬಂದ ಹೊಸಬನಿಗೆ ಅದನ್ನು ಹೇಳುವವರಿಲ್ಲ. ಆದ್ದರಿಂದ ಅವನ ಮೊದಲ ಶಕ್ತಿ ಸ್ನೇಹಿತನ ಬಾಯಿಯ ಕೆಲಸ ಮಾಡುವಂಥದ್ದಾಗಿರಬೇಕು ಎನ್ನುತ್ತಿದ್ದರು: ಉಳಿದ ಮೂವರು ಎಲ್ಲಿದ್ದಾರೆ, ಯಾರು ಓಡುತ್ತಿದ್ದಾರೆ ಎಂಬುದನ್ನು ಪರದೆಯ ಮೇಲೆ ತೋರಿಸುವ ಶಕ್ತಿ. ಎರಡನೆಯದು, ಬೇಟೆಗಾರ ತನ್ನತ್ತ ತಿರುಗಿದಾಗ ಗುರುತು ಕೊಡುವಂಥದ್ದು. ಮೂರನೆಯದು, ಯಾರೂ ಬರದಿದ್ದರೆ ತನ್ನ ಗಾಯವನ್ನು ತಾನೇ ಕಟ್ಟಿಕೊಳ್ಳುವಂಥದ್ದು. ನಾಲ್ಕನೆಯದು, ಏಟು ಬಿದ್ದಾಗ ಸ್ವಲ್ಪ ದೂರ ಜೋರಾಗಿ ಓಡುವಂಥದ್ದು. ಕ್ಷಣ ತಪ್ಪಿದರೆ ಕೆಲಸಕ್ಕೆ ಬಾರದ ಶಕ್ತಿ ಹೊಸಬರಿಗೆ ಬೇಡ. ಆಟದ ಕೊನೆಯಲ್ಲಿ ಮಾತ್ರ ಉಪಯೋಗವಾಗುವ ಶಕ್ತಿಯಂತೂ ಬೇಡವೇ ಬೇಡ. ಹೊಸಬರು ಕೊನೆಯವರೆಗೆ ಉಳಿಯುವುದಿಲ್ಲ.

ಪರಶುರಾಂಪುರದಿಂದ ಟ್ರ್ಯಾಕ್ಟರ್ ಓಡಿಸುವವನೊಬ್ಬ ಒಮ್ಮೆ ಕಚೇರಿಗೇ ಬಂದ. ಮದುವೆಯಾಗಿ ಎರಡು ಮಕ್ಕಳಿದ್ದ ಗಟ್ಟಿ ಆಳು.

"ಏನೇನ್ ಕಟ್ಕೊಂಡಿದೀಯ, ತೋರ್ಸು."

ಅವನು ಫೋನ್ ತೋರಿಸಿದ.

"ಇದೇನ್ಲೇ ಇದು? ಬೇಟೆಗಾರನ ಮುಖಕ್ಕೆ ಬೆಳಕು ಬಿಟ್ಟು ಕಣ್ಣು ಕುಕ್ಕಿಸೋದು?"

"ಭಾರೀ ಐತೆ ಸಾರ್. ದೊಡ್ ದೊಡ್ ಆಟಗಾರ್ರೆಲ್ಲ ಇದನ್ನೇ ಹಾಕ್ಕಂತಾರೆ."

"ಅವ್ರ ಬೆನ್ನಿಗೆ ಮೂರ್ ಜನ ಇರ್ತಾರೆ. ನೀನ್ ಕಣ್ಣು ಕುಕ್ಕಿಸ್ತೀಯ, ಅವ್ನಿಗೆ ಸಿಟ್ಟು ಬರ್ತೈತೆ, ನಿನ್ನೇ ಅಟ್ಟಿಸ್ಕಂಡು ಬರ್ತಾನೆ. ಬಿದ್ದಾಗ ಎತ್ತೋರು ಯಾರು? ನಿನ್ ಟ್ರ್ಯಾಕ್ಟ್ರಾ?"

"ಅಂಗಾರೆ ಬರೀ ಓಡೋದೇನ್ ಸಾರ್? ಗಂಡಸು ಅನ್ನಿಸ್ಕಳ್ಳೋದು ಬ್ಯಾಡ್ವಾ?"

"ಮೊದ್ಲು ಜೀವಂತ ಅನ್ನಿಸ್ಕೋ. ಗಂಡಸು ಆಮೇಲೆ ಆಗೀವಂತೆ."

ಅವನು ಆಡಲು ಕೂತ. ಬೇಟೆಗಾರ ಗೋಡೆಯ ಮರೆಯಿಂದ ಬಂದದ್ದೇ ತಡ, ಕುರಿ ಮಂದೆಗೆ ತೋಳ ನುಗ್ಗಿದಾಗ ನಮ್ಮ ಕಡೆ ಕೂಗುವ ಹಾಗೆ "ಹೋಯ್! ಹೋಯ್! ಹಚಾ!" ಎಂದು ಕಚೇರಿ ಹಾರಿಹೋಗುವಂತೆ ಕೂಗಿದ. ಆ ಆಟದಲ್ಲಿ ಮೈಕ್ ತೆರೆದಿದ್ದರೆ ಹತ್ತಿರವಿರುವ ಬೇಟೆಗಾರನಿಗೂ ನಮ್ಮ ದನಿ ಕೇಳುತ್ತದೆ. ಬೇಟೆಗಾರ ನೇರ ಬಂದು ಹಿಡಿದ. ಈ ತಪ್ಪನ್ನು ನಮ್ಮ ತಾಲ್ಲೂಕಿನವರಲ್ಲದೆ ಬೇರೆ ಯಾರಾದರೂ ಮಾಡುತ್ತಾರೆಯೇ, ಗೊತ್ತಿಲ್ಲ. ಹಟ್ಟಿಗಳಿಂದ ಬಂದ ಎಲ್ಲ ಹೊಸಬರೂ ಮಾಡುತ್ತಿದ್ದರು. ಕೂಗಿದರೆ ತೋಳ ಓಡುತ್ತದೆ ಎಂಬುದು ಅವರ ಮೈಗೆ ಹತ್ತಿದ ಅಭ್ಯಾಸ.

"ಲೇ, ಇದು ತೋಳ ಅಲ್ಲ, ಕೂಗಿದ್ರೆ ಹೆದರಾಕೆ. ನೀನ್ ಎಲ್ಲಿದೀಯ ಅಂತ ನೀನೇ ವಿಳಾಸ ಕೊಟ್ಟಂಗಾಯ್ತು" ಎಂದರು ಅವರು.

ಅಂದಿನಿಂದ ಪಾಠಕ್ಕೆ ಒಂದು ನಿಯಮ ಬಂತು. ಆಟದ ಮೈಕೂ ಬೇಡ, ಪಾಠದ ಮೈಕೂ ಬೇಡ. ಏನಿದ್ದರೂ ಬರೆದು ಕೇಳಬೇಕು. ಪರದೆಯ ಪಕ್ಕದಲ್ಲಿ ಪ್ರಶ್ನೆಗಳು ಸಾಲಾಗಿ ಬರುತ್ತಿದ್ದವು, ಅವರು ಬಾಯಿಮಾತಿನಲ್ಲಿ ಉತ್ತರಿಸುತ್ತಿದ್ದರು. ಬಾಯಿ ಮುಚ್ಚಿಕೊಂಡು ಆಡುವ ಅಭ್ಯಾಸಕ್ಕೆ ಎಂದು ಎಲ್ಲರೂ ನಂಬಿದರು. ನಾನೂ ನಂಬಿದೆ. ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡೇ ಕೂರುತ್ತಿದ್ದರು. ಅವರನ್ನು ಕರೆಯಬೇಕಾದವರು ಭುಜ ಮುಟ್ಟುತ್ತಿದ್ದರು. ಆ ಹೆಡ್‌ಫೋನಿನ ವೈರು ಕಂಪ್ಯೂಟರಿಗೆ ಸೇರಿರಲೇ ಇಲ್ಲ ಎಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ, ಮೊಳಕಾಲ್ಮುರಿನ ಕರಡಿಯ ನಂತರ.

ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರದ ಆಚೆಯ ಒಂದು ಹಳ್ಳಿಯಲ್ಲಿ ಕರಡಿಯೊಂದು ಗುಡ್ಡದಿಂದ ಇಳಿದು ಊರಂಚಿನ ಹೊಲದಲ್ಲಿ ಸೇರಿಕೊಂಡಿದೆ ಎಂದು ಬೆಳಿಗ್ಗೆ ಸುದ್ದಿ ಬಂತು. ಅವರ ಬೈಕಿನಲ್ಲೇ ಇಬ್ಬರೂ ಹೋದೆವು. ಅರಣ್ಯ ಇಲಾಖೆಯವರು ಬಲೆ ತರಲು ಹೋಗಿದ್ದರು. ಊರಿನವರೆಲ್ಲ ಮನೆಗಳ ಮಾಳಿಗೆ ಹತ್ತಿದ್ದರು. ನಾನು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ನಿಂತೆ. ಅವರು ಮಾತ್ರ ಬಯಲಿನಲ್ಲಿ, ಹೊಲಕ್ಕೆ ಬೆನ್ನು ಹಾಕಿ, ಮಾಳಿಗೆಯ ಮೇಲಿನ ಜನರ ಫೋಟೊ ತೆಗೆಯುತ್ತಿದ್ದರು. ಪ್ರಾಣಿಗಿಂತ ಮೊದಲು ಅದನ್ನು ನೋಡುವವರ ಮುಖ ತೆಗೆಯಬೇಕು ಎಂಬುದು ಅವರ ರೂಢಿ.

ಕರಡಿ ಅವರ ಬೆನ್ನ ಹಿಂದೆ, ಸೀತಾಫಲದ ಪೊದೆಗಳ ನಡುವಿನಿಂದ ಹೊರಬಂತು.

ಮೊದಲು ಕೂಗಿದ್ದು ಮಾಳಿಗೆಯ ಮೇಲಿದ್ದ ಒಬ್ಬ ಮುದುಕಿ. "ಸಾರೂ! ಇಟು ರಾ! ಈ ಕಡೆ ಬಾ!" ಆಮೇಲೆ ಎಲ್ಲರೂ ಕೂಗಿದರು, ತೆಲುಗಿನಲ್ಲಿ, ಕನ್ನಡದಲ್ಲಿ. ನಾನೂ ಕೂಗಿದೆ. ಯಾರದೋ ತಟ್ಟೆಯನ್ನು ಯಾರೋ ಬಡಿದರು. ಅವರು ಕ್ಯಾಮೆರಾವನ್ನು ಕಣ್ಣಿಗಿಟ್ಟು ಇನ್ನೊಂದು ಫೋಟೊ ತೆಗೆದರು. ಕರಡಿ ಒಮ್ಮೆ ನಿಂತಿತು, ಮೂತಿ ಎತ್ತಿತು, ಮತ್ತೆ ಬಂತು. ಅಷ್ಟು ಹತ್ತಿರದ ಅಷ್ಟು ಗದ್ದಲಕ್ಕೆ ಒಬ್ಬ ಮನುಷ್ಯ ಅಲುಗದೆ ನಿಂತದ್ದನ್ನು ನೋಡಿದಾಗ ನನಗೆ ಅರ್ಥವಾಯಿತು. ಅರ್ಥವಾಗಿ ಪ್ರಯೋಜನವಿರಲಿಲ್ಲ. ಕೂಗುವುದೊಂದನ್ನು ಬಿಟ್ಟು ನನ್ನ ಬಳಿ ಏನೂ ಇರಲಿಲ್ಲ.

ಅವರು ಕ್ಯಾಮೆರಾ ಇಳಿಸಿದರು. ಮುದುಕಿಯ ಮುಖ ನೋಡಿದರು. ಅವಳ ಪಕ್ಕದವರ ಮುಖ ನೋಡಿದರು. ಎಲ್ಲರ ಕಣ್ಣೂ ತಮ್ಮ ಎಡ ಭುಜದ ಹಿಂದಕ್ಕೆ ಹೋಗಿರುವುದನ್ನು ಕಂಡರು. ಹಿಂದೆ ತಿರುಗಲಿಲ್ಲ, ಓಡಲೂ ಇಲ್ಲ. ಬಲಕ್ಕೆ ನಡೆದು, ಅಲ್ಲಿ ನಿಲ್ಲಿಸಿದ್ದ ಟ್ರೈಲರಿನ ಮರೆಗೆ ಹೋಗಿ ಕೂತರು. ಅವರು ನಿಂತಿದ್ದ ಜಾಗದ ಮೇಲೆ ಕರಡಿ ಹಾದು, ರಸ್ತೆ ದಾಟಿ, ಗುಡ್ಡದ ಕಡೆ ಹೋಯಿತು.

ದೇವಸಮುದ್ರದ ಹೋಟೆಲಿನಲ್ಲಿ ಟೀ ಕುಡಿಯಲು ಇಳಿದೆವು. ನಾನು ಅವರ ಎದುರಿಗೆ ಕೂತು ನಿಧಾನವಾಗಿ ಕೇಳಿದೆ. "ಅಣ್ಣಾ, ಎಷ್ಟು ಕೇಳಿಸುತ್ತೆ?"

"ಎಡಗಡೇದು ಪೂರ್ತಿ ಹೋಗೈತೆ. ಬಲಗಡೆ ಇನ್ನೊಂಚೂರು ಐತೆ, ಅದೂ ಯಾವಾಗ್ಲೋ ಏನೋ."

"ಮಿಷಿನ್ ಹಾಕ್ಕೋಬಾರ್ದಾ?"

"ಹಾಕ್ಕಂಡ್ರೆ ಎಲ್ರಿಗೂ ಕಾಣ್ತೈತಲ್ಲೋ. ಕಂಡ ದಿವ್ಸವೇ ಮೇಜು. ಆಮೇಲೆ ಈರುಳ್ಳಿ ಧಾರಣೆ ಟೈಪ್ ಮಾಡ್ಕಂತ ಕೂತಿರ್ಬೇಕು. ಸುದ್ದಿ ಅಂದ್ರೆ ಎದ್ದು ಹೋಗಿ ನೋಡೋದು ಕಣೋ, ಕೂತಲ್ಲಿ ಸಿಗಲ್ಲ."

"ಇವತ್ತು ಜೀವ ಹೋಗ್ತಿತ್ತು."

"ಉಳೀತಲ್ಲ."

"ಇವತ್ತು."

ಅವರು ಇನ್ನೊಂದು ಟೀ ಹೇಳಿದರು. ಆಮೇಲೆ ತಾವೇ ಆಟದ ಮಾತು ತೆಗೆದರು. ಆ ಆಟದಲ್ಲಿ ಬೇಟೆಗಾರ ಹತ್ತಿರ ಬಂದರೆ ಎಲ್ಲರಿಗೂ ಎದೆಬಡಿತದ ಸದ್ದು ಕೇಳುತ್ತದಂತೆ. ಕೇಳದವರಿಗಾಗಿ ಒಂದು ಅನುಕೂಲವಿದೆ: ಪರದೆಯ ಮೇಲೆ ಸಣ್ಣ ಹೃದಯದ ಗುರುತು ಬಡಿದುಕೊಳ್ಳುವಂತೆ ಮಾಡಿಕೊಳ್ಳಬಹುದು. "ಅಲ್ಲಿ ನಾನು ಎಲ್ರಂಗೇ ಇರ್ತೀನಿ. ಬೇಟೆಗಾರ ಬಂದ ಅಂದ್ರೆ ನಂಗೂ ಗೊತ್ತಾಗ್ತೈತೆ" ಎಂದರು. ಹೊಸಬರಿಗೆ ಅವರು ಕಟ್ಟಿಕೊಡುತ್ತಿದ್ದ ಬುತ್ತಿ ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು. ಬೇರೆಯವರನ್ನು ನೋಡಿ ಅಪಾಯ ತಿಳಿಯುವುದು, ತನ್ನತ್ತ ಯಾರು ತಿರುಗಿದರೆಂದು ಕಣ್ಣಿನಿಂದ ಹಿಡಿಯುವುದು: ಅವರು ದಿನವೂ ಬಸ್ ಸ್ಟ್ಯಾಂಡಿನಲ್ಲಿ, ಸಭೆಗಳಲ್ಲಿ, ಪೊಲೀಸ್ ಠಾಣೆಯ ಜಗಲಿಯಲ್ಲಿ ಮಾಡುತ್ತಿದ್ದದ್ದು ಅದನ್ನೇ.

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ, ಉಳಿಸಿಕೊಂಡೆ. ಅಲ್ಲಿಂದ ಮುಂದೆ ಕಚೇರಿಯಲ್ಲಿ ಕೂರುವುದು ನನಗೆ ಕಷ್ಟವಾಯಿತು. ಫೋನ್ ಬಂದರೆ ಅವರಿಗಿಂತ ಮೊದಲು ನಾನು ನೋಡುತ್ತಿದ್ದೆ. ಬಾಗಿಲಲ್ಲಿ ಯಾರಾದರೂ ಬೆನ್ನ ಹಿಂದಿನಿಂದ ಅವರನ್ನು ಕರೆದರೆ ನಾನೇ ಎದ್ದು ಹೋಗಿ ಮಾತಾಡಿಸುತ್ತಿದ್ದೆ. ಜಿಲ್ಲಾ ಕೇಂದ್ರದಲ್ಲಿದ್ದ ನಮ್ಮ ಮುಖ್ಯ ವರದಿಗಾರರು ಒಂದೆರಡು ಸಲ ನನ್ನನ್ನೇ ಕೇಳಿದ್ದರು: "ಏನ್ರೀ ಅವ್ರು, ಫೋನೇ ಎತ್ತಲ್ಲ? ಎಲ್ಲಾದಕ್ಕೂ ಮೆಸೇಜ್ ಮಾಡಿ ಅಂತಾರೆ." ಮಿಲ್ಲಿನ ಗಲಾಟೆ ಸಾರ್ ಎಂದು ಹೇಳಿದ್ದೆ. ಅದು ಸುಳ್ಳಾಗಿರಲಿಲ್ಲ.

ಆ ಮುಖ್ಯ ವರದಿಗಾರರು ಒಂದು ಭಾನುವಾರ ಚಳ್ಳಕೆರೆಗೆ ಸಂಬಂಧಿಕರ ಮನೆಗೆ ಬಂದವರು, ಹೇಳದೆ ಕಚೇರಿಗೆ ಹತ್ತಿ ಬಂದರು. ಮಿಲ್ಲು ನಿಂತಿತ್ತು. ಕಚೇರಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಫ್ಯಾನಿನ ಒಂದು ರೆಕ್ಕೆ ಸಡಿಲವಾಗಿರುವುದು ಕೇಳುತ್ತಿತ್ತು. ಪಾಠ ನಡೆದಿತ್ತು. ಅವರು ಹೆಡ್‌ಫೋನ್ ಹಾಕಿಕೊಂಡೇ ಎದ್ದು ನಮಸ್ಕರಿಸಿ ಮತ್ತೆ ಕೂತರು. ಮುಖ್ಯ ವರದಿಗಾರರು ಕುರ್ಚಿ ಎಳೆದುಕೊಂಡು ಅವರ ಹಿಂದೆ ಕೂತರು. "ನೋಡೋಣ, ಏನ್ ಪಾಠ ಮಾಡ್ತಾರೆ" ಎಂದರು. ಬುತ್ತಿ ಸಾರ್ ತಿರುಗಲಿಲ್ಲ. ಪಾಠದಲ್ಲಿ ಮುಳುಗಿದ್ದಾರೆ ಎಂದುಕೊಳ್ಳಲು ಅವಕಾಶವಿತ್ತು.

ಆಗ ಕಂಪ್ಯೂಟರಿನ ಸ್ಪೀಕರಿನಿಂದ ಒಂದು ಹೆಣ್ಣು ದನಿ ಬಂತು.

"ಸಾರೂ, ನಾನು ದೇವಸಮುದ್ರದಿಂದ ಮಾತಾಡ್ತಿರೋದು. ಬಟ್ಟೆ ಹೊಲಿಯೋಳು. ಹೊಸಬ್ಳು."

ಅವರು ಪರದೆ ನೋಡಿದರು. ಮಾತಾಡುವವರ ಹೆಸರಿನ ಸುತ್ತ ಹಸಿರು ಗೆರೆ ಮೂಡುತ್ತದೆ, ಅದನ್ನೂ ಒಳಗಿದ್ದ ಹೆಣ್ಣು ಹೆಸರನ್ನೂ ಕಂಡರು. "ಯಾರೋ ಮೈಕ್ ತೆಗ್ದಿದೀರ. ನಿಯಮ ಗೊತ್ತಲ್ಲ? ಬರೆದು ಕೇಳ್ರಿ."

"ಬರ್ಯಾಕೆ ಬರಲ್ಲ ಸಾರೂ. ಶಾಲೆಗೆ ಹೋದೋಳಲ್ಲ ನಾನು."

"ನಾಚ್ಕೆ ಬ್ಯಾಡವ್ವ. ತಪ್ಪಾದ್ರೂ ಪರ್ವಾಗಿಲ್ಲ, ಬರಿ."

"ಅಯ್ಯೋ, ಬರಲ್ಲ ಅಂದ್ನಲ್ಲ ಸಾರೂ!"

"ಬರಿಯವ್ವ, ಕಾಯ್ತೀನಿ."

ಪಾಠಕ್ಕೆ ಸೇರಿದ್ದವರು ನಗುವ ಗುರುತುಗಳನ್ನು ಕಳಿಸತೊಡಗಿದರು. ಬುತ್ತಿ ಸಾರ್ ತಮಾಷೆ ಮಾಡುತ್ತಿದ್ದಾರೆಂದು ಅವರು ತಿಳಿದಿದ್ದರು. ಮುಖ್ಯ ವರದಿಗಾರರು ನಗಲಿಲ್ಲ. ಹೆಡ್‌ಫೋನಿನ ವೈರನ್ನು ಕಣ್ಣಿನಿಂದ ಹಿಂಬಾಲಿಸಿದರು. ಅದು ಮೇಜಿನ ಕೆಳಗೆ ಸುಮ್ಮನೆ ಜೋತು ಬಿದ್ದಿತ್ತು. ನಂತರ ನನ್ನ ಮುಖ ನೋಡಿದರು.

ನಾನು ನನ್ನ ಫೋನ್ ತೆಗೆದು ಪಾಠದ ಸಾಲಿನಲ್ಲಿ ಬರೆದೆ: ಆಕೆಗೆ ಓದು ಬರಹ ಬರುವುದಿಲ್ಲವಂತೆ. ಅದು ಪರದೆಯ ಮೇಲೆ ಬಂತು. ಅವರು ಓದಿದರು. ಅದನ್ನು ಬರೆದವನು ಯಾರೆಂದು ನೋಡಿದರು. ಹಿಂದೆ ಕೂತವರನ್ನೂ ಒಮ್ಮೆ ತಿರುಗಿ ನೋಡಿದರು. ಪಾರಾಗಲು ದಾರಿ ಇನ್ನೂ ಇತ್ತು. ಮುಂದಿನ ವಾರ ಮನೆಯವರ ಕೈಲಿ ಬರೆಸಿ ಕಳಿಸವ್ವ ಎಂದಿದ್ದರೆ ಮುಗಿಯುತ್ತಿತ್ತು. ಬಹುಶಃ ಆಕೆ ಮತ್ತೆ ಬರುತ್ತಿರಲಿಲ್ಲ.

ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಅವ್ವಾ, ನೀನ್ ಹೇಳಿದ್ದು ನಂಗೆ ಕೇಳ್ಸಲ್ಲ. ಕಿವಿ ಹೋಗೈತೆ. ಅದಕ್ಕೇ ಬರೀರಿ ಅಂತಿದ್ದಿದ್ದು. ಎಲ್ರಿಗೂ ಹೇಳ್ತಿದೀನಿ. ನೀನು ಮುಖ ತೋರ್ಸು, ತುಟಿ ನೋಡಿ ತಿಳ್ಕಂತೀನಿ."

ಬರುತ್ತಿದ್ದ ನಗುವ ಗುರುತುಗಳು ನಿಂತವು. ಪರದೆಯ ಮೂಲೆಯಲ್ಲಿ ಆಕೆಯ ಮುಖ ಮೂಡಿತು, ಕೊರಳಲ್ಲಿ ಅಳತೆ ಟೇಪು. ಆಕೆ ಗಾಬರಿಯಲ್ಲಿ ಬಡಬಡ ಮಾತಾಡಿದಳು, ಅರ್ಧ ತೆಲುಗು.

"ಮೆಲ್ಲಕೆ, ಮೆಲ್ಲಕೆ. ಕನ್ನಡದಲ್ಲಿ ಹೇಳವ್ವ. ತೆಲುಗು ತುಟಿ ಓದಾಕೆ ಇನ್ನೂ ಕಲ್ತಿಲ್ಲ."

ಆಕೆ ನಕ್ಕಳು. ಆಮೇಲೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. ಜತೆಗೆ ಆಡುವವರು ಯಾರೂ ಇಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಫೋನಿನಲ್ಲಿ ಆಡುತ್ತಾಳೆ. ಬಿದ್ದಾಗ ಯಾರೂ ಎತ್ತಲು ಬರುವುದಿಲ್ಲ. ಏನು ಕಟ್ಟಿಕೊಳ್ಳಲಿ?

ಮೂರು ಶಕ್ತಿಗಳನ್ನು ಅವರು ಎಂದಿನಂತೆ ಹೇಳಿದರು. ನಾಲ್ಕನೆಯದಕ್ಕೆ ಬಂದಾಗ ಮಾತ್ರ ದಾರಿ ಬದಲಿಸಿದರು. ಓಡುವ ಶಕ್ತಿಯನ್ನು ಹೇಳಲಿಲ್ಲ. ಅದುವರೆಗೆ ಅವರ ಪಾಠದಲ್ಲಿ ನಾನು ಕೇಳಿರದ ಒಂದನ್ನು ಹೇಳಿದರು: ತನಗೆ ಏಟಾದರೆ, ಎಷ್ಟೇ ದೂರವಿರಲಿ, ಉಳಿದ ಮೂವರ ಪರದೆಯ ಮೇಲೂ ಕಾಣುವಂತೆ ಮಾಡುವ ಶಕ್ತಿ.

"ಇದು ನಿಂಗೆ ನೇರ ಏನೂ ಮಾಡಲ್ಲ. ಆದ್ರೆ ಬಿದ್ದಿದೀನಿ ಅಂತ ಗೊತ್ತಾದ್ರೆ ತಾನೆ ಯಾರಾದ್ರೂ ಬರೋದು. ಎಲ್ರೂ ಬರಲ್ಲ. ಒಬ್ರು ಬಂದ್ರೂ ಸಾಕು. ಹಾಕ್ಕೊ, ಆಡು, ನಾನ್ ನೋಡ್ತಿರ್ತೀನಿ."

ಆಕೆ ತನ್ನ ಫೋನಿನ ಪರದೆ ಪಾಠದಲ್ಲಿ ಕಾಣುವಂತೆ ಮಾಡಿ ಆಟಕ್ಕೆ ಇಳಿದಳು. ಪರದೆ ತುಂಬ ಕತ್ತಲು ಕೊಟ್ಟಿಗೆ, ಕೆಟ್ಟ ಯಂತ್ರ, ಮೂಲೆಯಲ್ಲಿ ತುಟಿ ಕಚ್ಚಿಕೊಂಡ ಆಕೆಯ ಮುಖ. ಪಾಠಕ್ಕೆ ಬರುವವರೆಲ್ಲರಿಗೂ ಅವರು ಹಾಕಿಸುತ್ತಿದ್ದ ಹೃದಯದ ಗುರುತು ಮೂಡಿತು, ಬಡಿಯತೊಡಗಿತು. ಅವರು ಪರದೆಗೆ ಬಗ್ಗಿದರು. "ಬಂದ. ಕೈ ಬಿಡು ಯಂತ್ರ. ಕೂಗ್ಬ್ಯಾಡ, ಗೋಡೆ ಬಳಸ್ಕಂಡು ಹೋಗು."

ಅವರ ಬೆನ್ನ ಹಿಂದೆ ಮುಖ್ಯ ವರದಿಗಾರರು ಎದ್ದು ನಿಂತರು. ಒರಟು ಮನುಷ್ಯರಲ್ಲ, ದನಿ ಏರಿಸಲಿಲ್ಲ. ನಾಳೆಯಿಂದ ಅವರನ್ನು ಹೊರಗಿನ ಕೆಲಸಕ್ಕೆ ಕಳಿಸಲು ತಮ್ಮಿಂದ ಆಗುವುದಿಲ್ಲ, ಏನಾದರೂ ಆದರೆ ಜವಾಬ್ದಾರಿ ಯಾರದು, ಜಿಲ್ಲಾ ಕಚೇರಿಯಲ್ಲಿ ಮೇಜು ಕೊಡುತ್ತೇವೆ ಎಂದರು. ಬೇಸರ ಮಾಡಿಕೊಳ್ಳಬೇಡಿ ಎಂದೂ ಹೇಳಿದರು. ಇಷ್ಟನ್ನೂ ಅವರ ಬೆನ್ನಿಗೆ ಹೇಳಿದರು. ಮಿಲ್ಲು ನಿಂತಿದ್ದರಿಂದ ಪ್ರತಿ ಅಕ್ಷರವೂ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಅಲ್ಲೇ ಕೂತ್ಕೊ" ಎಂದರು ಅವರು, ಪರದೆಯ ಹೆಣ್ಣುಮಗಳಿಗೆ. "ಉಸ್ರು ಬಿಡ್ಬ್ಯಾಡ. ಅವ್ನು ಆ ಕಡೆ ತಿರುಗ್ಲಿ."

ಮುಖ್ಯ ವರದಿಗಾರರು ನನ್ನ ಕಡೆ ತಿರುಗಿ, "ನೀವೇ ಹೇಳಿಬಿಡಿ" ಎಂದು ಮೆಟ್ಟಿಲಿಳಿದು ಹೋದರು.

ಹೇಳಬೇಕಾದರೆ ನಾನು ಎದ್ದು ಅವರ ಎದುರಿಗೆ ಹೋಗಿ, ಅವರಿಗೆ ನನ್ನ ಮುಖ ಕಾಣುವ ಹಾಗೆ ನಿಲ್ಲಬೇಕಿತ್ತು. ಆ ಆಟ ಮುಗಿಯುವವರೆಗೂ ನಾನು ಕೂತಲ್ಲಿಂದ ಏಳಲಿಲ್ಲ.